ಹೊಸ ಪವರ್ ಕೇಬಲ್ ಹಾಕಿದ ಮೇಲೆ ಸ್ಪೀಕರುಗಳಲ್ಲಿ ಗುಂಯ್ಗುಡುವ ಸದ್ದು

ಪ್ರಶ್ನೆ (ಮೈಸೂರಿನ ಸದಸ್ಯರು)

ನಮಸ್ಕಾರ. ನಮ್ಮ ಭಾವನವರು ಜರ್ಮನಿಯಿಂದ ತಂದುಕೊಟ್ಟ ಹಳೆಯ ಆಂಪ್ಲಿಫೈಯರೊಂದು ನನ್ನಲ್ಲಿದೆ. ಅದಕ್ಕೆ ಸಿಡಿ ಪ್ಲೇಯರ್, ಟರ್ನ್‌ಟೇಬಲ್ ಮತ್ತು ಕೇಬಲ್ ಟಿವಿಯ ಸೆಟ್‌ಟಾಪ್ ಬಾಕ್ಸನ್ನು ಜೋಡಿಸಿದ್ದೇನೆ. ಇದುವರೆಗೆ ಅದರೊಂದಿಗೇ ಬಂದಿದ್ದ, ಎರಡು ದುಂಡು ಪಿನ್ನುಗಳ ಪ್ಲಗ್ ಇರುವ ಕೇಬಲನ್ನು ಅಡಾಪ್ಟರ್ ಮೂಲಕ ಗೋಡೆಯ ಸಾಕೆಟ್ಟಿಗೆ ಹಾಕುತ್ತಿದ್ದೆ. ಇತ್ತೀಚೆಗೆ ದಪ್ಪ ತಾಮ್ರದ, ಶೀಲ್ಡ್ (ತಂತಿಗಳ ಸುತ್ತ ಲೋಹದ ಕವಚ) ಇರುವ, ನಮ್ಮ ದೇಶದ ಮೂರು ಪಿನ್ನಿನ ಪ್ಲಗ್ ಕಟ್ಟಿರುವ ದುಬಾರಿ ಕೇಬಲನ್ನು ಕೊಂಡು ಹಾಕಿದೆ. ಹಾಕಿದ ಕ್ಷಣದಿಂದಲೇ ಎರಡೂ ಸ್ಪೀಕರುಗಳಲ್ಲಿ ಗುಂಯ್ ಎಂಬ ಸದ್ದು ಶುರುವಾಗಿದೆ. ಹಳೆಯ ಕೇಬಲ್ ಹಾಕಿದರೆ ಸದ್ದಿಲ್ಲ. ಕೇಬಲ್ ನೂರಾರು ಗಂಟೆ ಓಡಿ ಪಳಗಿದ ಮೇಲೆ ಎಲ್ಲವೂ ಸರಿಹೋಗುತ್ತದೆ ಎಂದು ಮಾರಿದವರು ಹೇಳುತ್ತಾರೆ. ಕಾಯಬೇಕೇ, ಹಿಂತಿರುಗಿಸಬೇಕೇ?

ಉತ್ತರ (ಹುಬ್ಬಳ್ಳಿಯ ಸದಸ್ಯರು)

ಕಾಯುವುದರಿಂದ ಪ್ರಯೋಜನವಿಲ್ಲ. ಹಿಂತಿರುಗಿಸುವ ಮೊದಲು ಮೂರು ಸಂಗತಿಗಳನ್ನು ತಿಳಿಸಿ. ಸದ್ದು ಬರುತ್ತಿರುವುದು ಸ್ಪೀಕರಿನಿಂದಲೋ, ಆಂಪ್ಲಿಫೈಯರಿನ ಪೆಟ್ಟಿಗೆಯಿಂದಲೋ? ಸಿಡಿ ಆಯ್ಕೆ ಮಾಡಿದಾಗ ಮತ್ತು ಟಿವಿ ಆಯ್ಕೆ ಮಾಡಿದಾಗ ಅದು ಒಂದೇ ತೆರನಾಗಿದೆಯೇ? ಹಳೆಯ ಕೇಬಲ್ ಇದ್ದಾಗ ಆಂಪ್ಲಿಫೈಯರಿನ ಲೋಹದ ಮೈ ಮುಟ್ಟಿದರೆ ಬೆರಳಿಗೆ ಜುಮ್ಮೆನ್ನುತ್ತಿತ್ತೇ?

ಪ್ರಶ್ನಿಸಿದವರು

ಸ್ಪೀಕರಿನಿಂದಲೇ ಬರುತ್ತಿದೆ. ಟಿವಿ ಆಯ್ಕೆ ಮಾಡಿದಾಗ ಜೋರು, ಸಿಡಿಯಲ್ಲಿ ಕಡಿಮೆ. ಮುಟ್ಟಿದರೆ ಜುಮ್ಮೆನ್ನುತ್ತಿದ್ದುದು ನಿಜ, ಅದರಲ್ಲೂ ಬರಿಗಾಲಲ್ಲಿ ನಿಂತಾಗ. ಹೊಸ ಕೇಬಲ್ ಹಾಕಿದ ಮೇಲೆ ಅದು ನಿಂತಿದೆ.

ಉತ್ತರ (ಹುಬ್ಬಳ್ಳಿಯ ಸದಸ್ಯರು)

ಹಾಗಿದ್ದರೆ ಹೊಸ ಕೇಬಲ್ ತಾನು ಮಾಡಬೇಕಾದ ಕೆಲಸವನ್ನೇ ಮಾಡುತ್ತಿದೆ. ಜರ್ಮನಿಯ ಆ ಪ್ಲಗ್ಗಿನಲ್ಲಿ ಅರ್ಥ್ ಸಂಪರ್ಕವಿರುವುದು ಪಕ್ಕದ ಲೋಹದ ಪಟ್ಟಿಗಳಲ್ಲಿ. ನಮ್ಮಲ್ಲಿ ಸಿಗುವ ಸಾಮಾನ್ಯ ಅಡಾಪ್ಟರುಗಳಲ್ಲಿ ಆ ಪಟ್ಟಿಗಳಿಗೆ ತಾಗುವಂಥದ್ದೇನೂ ಇರುವುದಿಲ್ಲವಾದ್ದರಿಂದ, ನಿಮ್ಮ ಆಂಪ್ಲಿಫೈಯರಿಗೆ ಇಷ್ಟು ದಿನ ಅರ್ಥ್ ಇರಲೇ ಇಲ್ಲ. ಒಳಗಿನ ಫಿಲ್ಟರ್ ಕೆಪಾಸಿಟರುಗಳ ಮೂಲಕ ಸೋರುವ ಅತ್ಯಲ್ಪ ಕರೆಂಟಿಗೆ ಅರ್ಥಿನ ದಾರಿ ಸಿಗದೆ ಅದು ನಿಮ್ಮ ಬೆರಳಿನ ಮೂಲಕ ಹರಿಯುತ್ತಿತ್ತು.

ಇನ್ನು ಗುಂಯ್ ಸದ್ದಿನ ವಿಷಯ. ಕೇಬಲ್ ಟಿವಿಯವರ ತಂತಿಯ ಹೊರಕವಚಕ್ಕೆ ಬೇರೆಲ್ಲೋ ಒಂದು ಕಡೆ ಅರ್ಥ್ ಸಂಪರ್ಕವಿರುತ್ತದೆ. ಆಂಪ್ಲಿಫೈಯರಿಗೆ ಅರ್ಥ್ ಇಲ್ಲದಿದ್ದಾಗ ಇಡೀ ವ್ಯವಸ್ಥೆ ಭೂಮಿಗೆ ತಾಗುತ್ತಿದ್ದುದು ಅಲ್ಲಿ ಮಾತ್ರ. ಈಗ ಗೋಡೆಯ ಅರ್ಥ್ ಸೇರಿ ಎರಡು ದಾರಿಗಳಾಗಿವೆ. ಎರಡು ಅರ್ಥ್‌ಗಳ ನಡುವೆ ಸ್ವಲ್ಪ ವೋಲ್ಟೇಜ್ ವ್ಯತ್ಯಾಸ ಇದ್ದೇ ಇರುವುದರಿಂದ, 50 ಹರ್ಟ್ಸ್ ಕರೆಂಟು ಸೆಟ್‌ಟಾಪ್ ಬಾಕ್ಸಿನಿಂದ ಬರುವ ಆಡಿಯೋ ತಂತಿಯ ಕವಚದಲ್ಲಿ ಹರಿದು, ಅಲ್ಲಿ ಹುಟ್ಟುವ ಸಣ್ಣ ವೋಲ್ಟೇಜು ಸಂಗೀತದ ಸಿಗ್ನಲ್ಲಿಗೆ ಬೆರೆತು ಕೇಳಿಸುತ್ತದೆ. ಇದಕ್ಕೆ ಗ್ರೌಂಡ್ ಲೂಪ್ ಎನ್ನುತ್ತಾರೆ.

ಪರೀಕ್ಷೆ ಸುಲಭ. ಸೆಟ್‌ಟಾಪ್ ಬಾಕ್ಸಿಗೆ ಬರುವ ಟಿವಿ ತಂತಿಯ ತಿರುಪನ್ನು ಬಿಚ್ಚಿ ನೋಡಿ. ಸದ್ದು ನಿಂತರೆ ಕಾರಣ ಖಚಿತ. ಪ್ಲಗ್ಗಿನ ಅರ್ಥ್ ಪಿನ್ನನ್ನು ಮುರಿದು ಸದ್ದು ನಿಲ್ಲಿಸುವ ಸಲಹೆಯನ್ನು ಯಾರಾದರೂ ಕೊಟ್ಟಾರು. ದಯವಿಟ್ಟು ಅದನ್ನು ಮಾಡಬೇಡಿ. ಒಳಗೆ ಫೇಸ್ ತಂತಿ ಕಳಚಿ ಪೆಟ್ಟಿಗೆಗೆ ತಾಗಿದ ದಿನ, ಅರ್ಥ್ ಇಲ್ಲದಿದ್ದರೆ ಎಂಸಿಬಿ (ಕರೆಂಟು ಮಿತಿಮೀರಿದಾಗ ತಾನಾಗಿ ಕಡಿಯುವ ಸ್ವಿಚ್) ಬೀಳುವುದಿಲ್ಲ, ಪೆಟ್ಟಿಗೆಯ ಮೈಗೆ 230 ವೋಲ್ಟ್ ಬಂದು ಕೂತಿರುತ್ತದೆ.

ಉತ್ತರ (ಬೆಂಗಳೂರಿನ ಸದಸ್ಯರು)

ಮೇಲಿನ ವಿವರಣೆ ಸರಿ ಇದೆ, ಆದರೆ ಕೇಬಲ್ಲಿನಿಂದ ಧ್ವನಿಯ ಗುಣ ಸುಧಾರಿಸುವುದೇ ಇಲ್ಲ ಎಂದು ಓದುಗರು ತಿಳಿಯಬಾರದು. ನಮ್ಮ ಮನೆಯಲ್ಲಿ ಶೀಲ್ಡ್ ಇರುವ ಕೇಬಲ್ ಹಾಕಿದ ಮೇಲೆ ಟರ್ನ್‌ಟೇಬಲ್ಲಿನ ಹಿನ್ನೆಲೆ ಸದ್ದು ಕಡಿಮೆಯಾಯಿತು.

ಉತ್ತರ (ಹುಬ್ಬಳ್ಳಿಯ ಸದಸ್ಯರು)

ಅದು ಸಾಧ್ಯ. ಟರ್ನ್‌ಟೇಬಲ್ಲಿನ ಸಿಗ್ನಲ್ ಕೆಲವೇ ಮಿಲಿವೋಲ್ಟ್ ಇರುವುದರಿಂದ, ಪವರ್ ಕೇಬಲ್ ಅದರ ತಂತಿಯ ಪಕ್ಕದಲ್ಲೇ ಉದ್ದಕ್ಕೂ ಹಾದುಹೋದರೆ ಸದ್ದು ಸೇರಿಕೊಳ್ಳುತ್ತದೆ; ಶೀಲ್ಡ್ ಅದನ್ನು ತಗ್ಗಿಸಬಲ್ಲದು. ಎರಡನ್ನೂ ಒಂದು ಗೇಣು ದೂರವಿಟ್ಟು, ಹಾಯಲೇಬೇಕಾದಲ್ಲಿ ಅಡ್ಡಡ್ಡ ಹಾಯಿಸಿದರೂ ಬಹುಪಾಲು ಅದೇ ಫಲ ಸಿಗುತ್ತದೆ, ಖರ್ಚಿಲ್ಲದೆ.

ತಾಮ್ರದ ದಪ್ಪದ ವಿಷಯದಲ್ಲಿ ಮಾತ್ರ ಲೆಕ್ಕ ಬೇರೆ ಹೇಳುತ್ತದೆ. 0.75 ಚದರ ಮಿಲಿಮೀಟರಿನ ಸಾಧಾರಣ ತಂತಿಗೆ ಕಿಲೋಮೀಟರಿಗೆ 26 ಓಮ್, 2.5 ಚದರ ಮಿಲಿಮೀಟರಿನದಕ್ಕೆ ಸುಮಾರು 8 ಓಮ್ ರೆಸಿಸ್ಟೆನ್ಸ್. ಒಂದೂವರೆ ಮೀಟರಿನ ಕೇಬಲ್ಲಿನಲ್ಲಿ ಹೋಗಿಬರುವ ದಾರಿ ಮೂರು ಮೀಟರ್. ಆಂಪ್ಲಿಫೈಯರ್ 1 ಆಂಪಿಯರ್ ಎಳೆದರೆ ಮೊದಲನೆಯದರಲ್ಲಿ ಕಳೆದುಹೋಗುವುದು ಸುಮಾರು 0.08 ವೋಲ್ಟ್, ಎರಡನೆಯದರಲ್ಲಿ 0.024 ವೋಲ್ಟ್. ಪಕ್ಕದ ಮನೆಯವರು ಬೋರ್‌ವೆಲ್ ಪಂಪು ಹಾಕಿದಾಗ ನಿಮ್ಮ ಸಾಕೆಟ್ಟಿನಲ್ಲಿ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು ಏರಿಳಿತವಾಗುತ್ತದೆ. ಅದಲ್ಲದೆ, ಮೀಟರ್ ಬೋರ್ಡಿನಿಂದ ನಿಮ್ಮ ಕೋಣೆಯವರೆಗೆ ಗೋಡೆಯೊಳಗೆ ಹತ್ತಾರು ಮೀಟರ್ ಸಾಮಾನ್ಯ ತಂತಿಯೇ ಇದೆಯಲ್ಲ! ಕೇಳಿಸುವ ವ್ಯತ್ಯಾಸ ನಿಜವೆನಿಸಿದರೆ, ಯಾವ ಕೇಬಲ್ ಹಾಕಿದೆ ಎಂದು ಹೇಳದೆ ಮನೆಯವರಿಂದ ಬದಲಿಸಿಸಿ, ವಾಲ್ಯೂಮ್ ಮುಟ್ಟದೆ ಕೇಳಿ, ಊಹೆಯನ್ನು ಬರೆದಿಟ್ಟು ಕೊನೆಗೆ ಹೋಲಿಸುವುದು ಒಳ್ಳೆಯದು.

ಪ್ರಶ್ನಿಸಿದವರು

ಟಿವಿ ತಂತಿ ಬಿಚ್ಚಿದೊಡನೆ ಸದ್ದು ಪೂರ್ತಿ ನಿಂತಿತು. ಆದರೆ ಮನೆಯಲ್ಲಿ ಟಿವಿಯ ಧ್ವನಿಯನ್ನೂ ಇದೇ ಸ್ಪೀಕರುಗಳಲ್ಲಿ ಕೇಳುವ ಅಭ್ಯಾಸವಾಗಿಬಿಟ್ಟಿದೆ. ಏನು ಮಾಡಲಿ?

ಉತ್ತರ (ಹುಬ್ಬಳ್ಳಿಯ ಸದಸ್ಯರು)

ನಿಮ್ಮ ಟಿವಿಯಲ್ಲಿ ಆಪ್ಟಿಕಲ್ ಔಟ್‌ಪುಟ್ ಇದ್ದರೆ ಅದೇ ಉತ್ತಮ ದಾರಿ. ಅಲ್ಲಿ ಸಿಗ್ನಲ್ ಬೆಳಕಾಗಿ ಹೋಗುವುದರಿಂದ ಲೋಹದ ಸಂಪರ್ಕವೇ ಇರದು, ಲೂಪ್ ತುಂಡಾಗುತ್ತದೆ. ಆಂಪ್ಲಿಫೈಯರ್ ಹಳೆಯದಾದ್ದರಿಂದ ನಡುವೆ ಒಂದು ಪುಟ್ಟ ಡ್ಯಾಕ್ (ಡಿಜಿಟಲ್ ಸಿಗ್ನಲ್ಲನ್ನು ಆಂಪ್ಲಿಫೈಯರಿಗೆ ಒಗ್ಗುವ ಅನಲಾಗ್ ಸಿಗ್ನಲ್ಲಾಗಿಸುವ ಪೆಟ್ಟಿಗೆ) ಬೇಕಾಗುತ್ತದೆ. ಆಪ್ಟಿಕಲ್ ಇಲ್ಲದಿದ್ದರೆ ಆಡಿಯೋ ತಂತಿಯ ನಡುವೆ ಹಾಕುವ, ಲೋಹದ ಸಂಪರ್ಕವಿಲ್ಲದೆ ಸಿಗ್ನಲ್ಲನ್ನು ದಾಟಿಸುವ ಐಸೋಲೇಶನ್ ಟ್ರಾನ್ಸ್‌ಫಾರ್ಮರ್ ಸಾಕು. ತೀರಾ ಅಗ್ಗದ್ದು ಮಂದ್ರ ಸ್ವರಗಳನ್ನು ಸ್ವಲ್ಪ ತಿನ್ನುತ್ತದೆ, ಟಿವಿಗೆ ಅಡ್ಡಿಯಿಲ್ಲ.

ಜೊತೆಗೆ ಎಲೆಕ್ಟ್ರಿಷಿಯನ್ ಒಬ್ಬರಿಂದ ಸಾಕೆಟ್ಟನ್ನು ಅಳೆಸಿ. ಫೇಸ್ ಮತ್ತು ಅರ್ಥ್ ನಡುವಿನ ವೋಲ್ಟೇಜು, ಫೇಸ್ ಮತ್ತು ನ್ಯೂಟ್ರಲ್ ನಡುವಿನದಕ್ಕೆ ಹತ್ತಿರವಿರಬೇಕು. ಬಹಳ ಕಡಿಮೆ ತೋರಿಸಿದರೆ ಅರ್ಥ್ ತಂತಿ ಎಲ್ಲೋ ಕಡಿದಿದೆ ಅಥವಾ ಅರ್ಥಿಂಗ್ ಗುಂಡಿ ಒಣಗಿದೆ.

ಪ್ರಶ್ನಿಸಿದವರು

ಆಪ್ಟಿಕಲ್ ಇದೆ, ಡ್ಯಾಕ್ ತರಿಸುತ್ತೇನೆ. ಕೊನೆಯದೊಂದು: ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಬಹುದೇ?

ಉತ್ತರ (ಹುಬ್ಬಳ್ಳಿಯ ಸದಸ್ಯರು)

ಹಾಕುವುದೇ ಮೇಲು, ಎಲ್ಲ ಉಪಕರಣಗಳಿಗೂ ಒಂದೇ ಅರ್ಥ್ ಸಿಗುತ್ತದೆ. 6 ಆಂಪಿಯರಿನ ಬೋರ್ಡಿಗೆ ಸುಮಾರು 1380 ವಾಟ್ ಮಿತಿ, ನಿಮ್ಮ ಉಪಕರಣಗಳೆಲ್ಲ ಸೇರಿದರೂ ಅಷ್ಟಾಗವು. ಹೊಸ ಕೇಬಲ್ಲಿನ ಪ್ಲಗ್ 16 ಆಂಪಿಯರಿನ ದಪ್ಪ ಪಿನ್ನಿನದಾಗಿದ್ದರೆ ಮಾತ್ರ ಆ ಬೋರ್ಡಿಗೆ ಹಿಡಿಸದು. ಆಗ ಮತ್ತೆ ಅಡಾಪ್ಟರ್ ತರುವ ಬದಲು 16 ಆಂಪಿಯರಿನ ಬೋರ್ಡನ್ನೇ ಕೊಳ್ಳಿ.