ಪದಚರ್ಚೆ: ವಿಜ್ಞಾನ ತರಗತಿಯ ‘ಪಾಡ್‌ಕಾಸ್ಟ್’ಗೆ ಒಪ್ಪುವ ಪದ ಯಾವುದು?

ಮಾನ್ಯರೇ,

ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರಿಗಾಗಿ ನಾವು ಕೆಲವರು ಸೇರಿ ಬರೆಯುತ್ತಿರುವ ಕೈಪಿಡಿ ಸೋಮವಾರ ಅಚ್ಚಿಗೆ ಹೋಗಬೇಕು. ಪಾಡ್‌ಕಾಸ್ಟನ್ನು ಪಾಠೋಪಕರಣವಾಗಿ ಬಳಸುವ ಬಗೆಯನ್ನು ಕುರಿತ ಅಧ್ಯಾಯದ ಶೀರ್ಷಿಕೆ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಅದೇ ಪದ ಶಾಲೆಯ ಒಂದು ಕೊಠಡಿಯ ಫಲಕಕ್ಕೂ ಬೇಕಾಗಿದೆ.

ನಮ್ಮ ಕರಡಿನಲ್ಲಿ ಒಂದೇ ಪದದ ಮೇಲೆ ಮೂರು ಅರ್ಥಗಳ ಹೊರೆ ಬಿದ್ದಿರುವುದೇ ತೊಡಕು. ‘ಶಬ್ದ’ದ ಪಾಠವನ್ನೇ ನೋಡಿ. ಪ್ರತಿಧ್ವನಿ ಬೇರೆಯಾಗಿ ಕೇಳಿಸಬೇಕಾದರೆ ಮೂಲ ಶಬ್ದಕ್ಕೂ ಅದಕ್ಕೂ ಕನಿಷ್ಠ 0.1 ಸೆಕೆಂಡಿನ ಅಂತರವಿರಬೇಕು. ಶಬ್ದದ ವೇಗವನ್ನು ಸೆಕೆಂಡಿಗೆ 344 ಮೀಟರ್ ಎಂದಿಟ್ಟುಕೊಂಡರೆ ಗೋಡೆ 17.2 ಮೀಟರಿಗಿಂತ ಹತ್ತಿರವಿರಕೂಡದು. ಇದನ್ನು ತಿಳಿದವರೊಬ್ಬರು ವಿವರಿಸುವ ಧ್ವನಿಮುದ್ರಣವನ್ನು ಸ್ವಲ್ಪ ಹೊತ್ತು ಕೇಳಿಸಿ, ನಡುವೆ ನಿಲ್ಲಿಸಿ, ನಮ್ಮ ಕೊಠಡಿಯಲ್ಲಿ ಚಪ್ಪಾಳೆ ತಟ್ಟಿದರೆ ಏನಾದೀತೆಂದು ಮಕ್ಕಳನ್ನು ಕೇಳುತ್ತೇವೆ. ಅವರು ಕೊಠಡಿಯೊಳಗೊಮ್ಮೆ, ಮೈದಾನದಲ್ಲಿ ಕಾಂಪೌಂಡ್ ಗೋಡೆಯಿಂದ ದೂರ ನಿಂತು ಇನ್ನೊಮ್ಮೆ ಚಪ್ಪಾಳೆ ತಟ್ಟಿ, ಫೋನಿನಲ್ಲಿ ಮುದ್ರಿಸಿಕೊಂಡು, ಒಳಗೆ ಬರೀ ಅನುರಣನ (ಮೂಲ ಶಬ್ದಕ್ಕೇ ಅಂಟಿಕೊಂಡು ಎಳೆಯುವ ಗುಂಯ್‌ದನಿ) ಕೇಳಿಸಿ ಹೊರಗೆ ಪ್ರತಿಧ್ವನಿ ಏಕೆ ಬಂತೆಂಬುದನ್ನು ತಮ್ಮದೇ ಮಾತಿನಲ್ಲಿ ವಿವರಿಸಿ ಅದಕ್ಕೆ ಸೇರಿಸುತ್ತಾರೆ. ಹೊರಗಿನಿಂದ ತಂದದ್ದೂ ಪಾಡ್‌ಕಾಸ್ಟ್, ಮಕ್ಕಳು ಮಾಡಿದ್ದೂ ಪಾಡ್‌ಕಾಸ್ಟ್, ಆ ಪಾಠದ ಅವಧಿಯೂ ಪಾಡ್‌ಕಾಸ್ಟ್ ಎಂದರೆ ಓದುವ ಶಿಕ್ಷಕರು ದಾರಿ ತಪ್ಪುತ್ತಾರೆ.

‘ಧ್ವನಿ ಸರಣಿ’, ‘ಶ್ರವ್ಯ ಪಾಠ’, ‘ಬಾನುಲಿ ಪಾಠ’ ಎಂಬ ಸೂಚನೆಗಳು ಬಂದಿವೆ. ದಯವಿಟ್ಟು ಬೇಗ ತಿಳಿಸಿ.

— ವಿಜ್ಞಾನ ಶಿಕ್ಷಕಿ, ಬಸವನಗುಡಿ

*

ಮೇಡಂ ಅವರಿಗೆ,

ಮೂರೂ ಬೇಡ. ‘ಧ್ವನಿ’, ‘ಶ್ರವ್ಯ’ಗಳಿಗಾಗಿ ಸಂಸ್ಕೃತದ ಬಾಗಿಲು ಬಡಿಯುವ ಅಗತ್ಯವಿಲ್ಲ; ನಮ್ಮಲ್ಲಿ ‘ಉಲಿ’ ಇದೆ. ಇಂಗ್ಲಿಷಿನ ‘ಬ್ರಾಡ್‌ಕಾಸ್ಟ್’ ಮೂಲದಲ್ಲಿ ಹೊಲದ ಮಾತು, ಬೀಜವನ್ನು ಕೈಯಿಂದ ಎರಚಿ ಬಿತ್ತುವುದು ಎಂಬುದೇ ಅದರ ಅರ್ಥ. ನಮ್ಮ ‘ಬಿತ್ತು’ವಿನಿಂದಲೇ ‘ಬಿತ್ತರ’ ಬಂದಿದೆಯಾದ್ದರಿಂದ ‘ಉಲಿಬಿತ್ತರ’ ಎಂಬ ಅಚ್ಚಗನ್ನಡ ಪದ ತಾನಾಗಿಯೇ ಸಿದ್ಧವಾಗುತ್ತದೆ. ಇದರ ಮೇಲೆ ಚರ್ಚೆಗೆ ಆಸ್ಪದವಿದೆಯೆಂದು ನನಗೆ ತೋರುವುದಿಲ್ಲ.

— ನಿವೃತ್ತ ಕನ್ನಡ ಅಧ್ಯಾಪಕ, ಮಲ್ಲೇಶ್ವರ

*

ಆಸ್ಪದವಿದೆ. ‘ಬಿತ್ತರ’ ಎಂಬುದು ‘ವಿಸ್ತರ’ದ ತದ್ಭವ. ವರ್ಣ ಬಣ್ಣವಾದಂತೆ, ವೀಥಿ ಬೀದಿಯಾದಂತೆ ವಿಸ್ತರ ಬಿತ್ತರವಾಯಿತು. ಬಿತ್ತನೆಗೂ ಅದಕ್ಕೂ ಯಾವ ನಂಟೂ ಇಲ್ಲ. ಅಚ್ಚಗನ್ನಡವೆಂದು ಬಾಗಿಲಲ್ಲಿ ನಿಲ್ಲಿಸಿದ ಕಾವಲುಗಾರನೇ ಸಂಸ್ಕೃತದ ಮನೆಯವನು.

‘ಪಾಡ್‌ಕಾಸ್ಟ್’ ಹುಟ್ಟಿದ ಬಗೆಯಲ್ಲಿ ರಹಸ್ಯವೇನೂ ಇಲ್ಲ. 2004ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಯ ಲೇಖನವೊಂದರಲ್ಲಿ ಬೆನ್ ಹ್ಯಾಮರ್ಸ್‌ಲಿ ಅವರು ಐಪಾಡ್ ಮತ್ತು ಬ್ರಾಡ್‌ಕಾಸ್ಟ್‌ಗಳನ್ನು ಬೆಸೆದು, ಹೀಗೂ ಕರೆಯಬಹುದೇನೋ ಎಂಬ ಧಾಟಿಯಲ್ಲಿ ಇದನ್ನು ಬಳಸಿದರು. 2005ಕ್ಕೆ ಆಕ್ಸ್‌ಫರ್ಡಿನ ಅಮೆರಿಕನ್ ನಿಘಂಟು ಇದನ್ನು ವರ್ಷದ ಪದವೆಂದು ಆರಿಸಿತು. ಐಪಾಡಿನ ತಯಾರಿಕೆಯನ್ನು ಆ್ಯಪಲ್ 2022ರಲ್ಲಿ ನಿಲ್ಲಿಸಿಯೇಬಿಟ್ಟಿತು. ಅಂಗಡಿಯಿಂದಲೇ ಮರೆಯಾದ ವಸ್ತುವಿನ ಹೆಸರಿಗೆ ಕನ್ನಡದಲ್ಲಿ ವ್ಯುತ್ಪತ್ತಿ ಹೊಂದಿಸುವುದು ವ್ಯರ್ಥ ಶ್ರಮ.

‘ಬಾನುಲಿ ಪಾಠ’ವೂ ಸಲ್ಲದು. ಬಾನುಲಿ ತನ್ನ ವೇಳೆಗೆ ಬರುತ್ತದೆ, ತಪ್ಪಿದರೆ ತಪ್ಪಿತು. ಇದನ್ನು ಬೇಕಾದಾಗ ಇಳಿಸಿಕೊಂಡು, ನಿಲ್ಲಿಸಿ, ಹಿಂದಕ್ಕೆ ಹೋಗಿ ಕೇಳಬಹುದು, ತರಗತಿಗೆ ಉಪಯೋಗವಾಗುವ ಗುಣವೇ ಅದು. ‘ಪಾಡ್‌ಕಾಸ್ಟು’ ಎಂದೇ ಬಳಸಿ. ಇನ್ನು, ‘ಪಾಡ್’ ಎಂಬುದು ಹಳಗನ್ನಡದ ‘ಪಾಡು’ವೇ ಎಂದು ಸದಸ್ಯರೊಬ್ಬರು ನನಗೆ ಪ್ರತ್ಯೇಕವಾಗಿ ಬರೆದಿದ್ದಾರೆ. ಅದಕ್ಕೆ ಉತ್ತರಿಸುವಷ್ಟು ಬಿಡುವು ನನಗಿಲ್ಲ.

— ನಿಘಂಟು ಕೆಲಸದವನು, ಚಾಮರಾಜಪೇಟೆ

*

ತದ್ಭವವಾಗಿ ಶತಮಾನಗಳೇ ಕಳೆದ ಪದ ಕನ್ನಡದ್ದಲ್ಲದೆ ಇನ್ಯಾರದು? ಬೀದಿಯಲ್ಲಿ ನಡೆಯುವಾಗ ತಾವು ಸಂಸ್ಕೃತದ ಮೇಲೆ ನಡೆಯುತ್ತಿದ್ದೀರೆಂದು ಭಾವಿಸುತ್ತೀರೋ? ಬಂದದ್ದನ್ನೆಲ್ಲ ‘ಉ’ಕಾರ ಹಚ್ಚಿ ಒಳಗೆ ಬಿಟ್ಟುಕೊಳ್ಳುವುದು ಪದರಚನೆಯಲ್ಲ, ಸೋಮಾರಿತನ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಪ್ರಸಾರ ಕೇಂದ್ರವನ್ನು ‘ರೇಡಿಯೋ’ ಎಂದಷ್ಟೇ ಕರೆದು ಸುಮ್ಮನಾಗಿದ್ದರೆ ‘ಆಕಾಶವಾಣಿ’ ಎಂಬ ಹೆಸರು ಈ ದೇಶಕ್ಕೆ ಸಿಗುತ್ತಿತ್ತೇ?

— ನಿ. ಅಧ್ಯಾಪಕ, ಮಲ್ಲೇಶ್ವರ

*

ಮಾನ್ಯರೇ,

ಆಕಾಶವಾಣಿಯ ನಿದರ್ಶನ ಅಧ್ಯಾಪಕರ ವಾದವನ್ನು ಬಲಪಡಿಸುವುದಿಲ್ಲ, ಕೆಡಿಸುತ್ತದೆ. ‘ರೇಡಿಯೋ’ ಪದದ ಬೇರು ಕಿರಣ ಎಂಬ ಅರ್ಥದ ಲ್ಯಾಟಿನ್ ಪದದಲ್ಲಿದೆ. ‘ಆಕಾಶವಾಣಿ’ಯಲ್ಲಿ ಕಿರಣದ ಸುಳಿವೇ ಇಲ್ಲ; ಕೇಳುವವನಿಗೆ ಏನು ಅನುಭವವಾಗುತ್ತದೆಯೋ ಅದನ್ನೇ ಹೆಸರಾಗಿಸಿದ್ದರಿಂದ ಆ ಪದ ನಿಂತಿತು.

ಮೂಲಪದದ ಹುಟ್ಟನ್ನು ಅನುವಾದಿಸಿದರೆ ಏನಾಗುತ್ತದೆಂಬುದನ್ನು ವಿಜ್ಞಾನದ ಮೇಷ್ಟರುಗಳು ದಿನವೂ ಕಾಣುತ್ತಾರೆ. ಆಮ್ಲಗಳಿಗೆಲ್ಲ ಆಕ್ಸಿಜನ್ ಅನಿಲವೇ ಮೂಲವೆಂದು ನಂಬಿದ್ದ ಫ್ರೆಂಚ್ ರಸಾಯನವಿಜ್ಞಾನಿ ಲವಾಸಿಯೇ ಅವರು ಅದಕ್ಕೆ ‘ಆಮ್ಲವನ್ನು ಹುಟ್ಟಿಸುವುದು’ ಎಂಬರ್ಥದ ಗ್ರೀಕ್ ಮೂಲದ ಹೆಸರಿಟ್ಟರು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೆಂಬುದು 19ನೆಯ ಶತಮಾನದ ಆರಂಭದಲ್ಲಿ ಹಂಫ್ರಿ ಡೇವಿಯವರ ಕೆಲಸದಿಂದ ಸ್ಪಷ್ಟವಾಯಿತು. ಇಂಗ್ಲಿಷ್ ಓದುವ ಮಗುವಿಗೆ ‘ಆಕ್ಸಿಜನ್’ ಒಂದು ಗುರುತು ಮಾತ್ರ. ‘ಆಮ್ಲಜನಕ’ ಎಂದು ಓದುವ ನಮ್ಮ ಮಗುವಿಗೆ ಆ ಹಳೆಯ ತಪ್ಪು ಪ್ರತಿಸಲವೂ ಅರ್ಥಸಮೇತ ಕೇಳಿಸುತ್ತದೆ. ‘ಉಲಿಬಿತ್ತರ’ ಅಂಥ ಕೆಡುಕನ್ನು ಮಾಡದಿರಬಹುದು, ಆದರೆ ಮೇಡಂ ಕೇಳಿದ ಮೂರು ಅರ್ಥಗಳಲ್ಲಿ ಒಂದನ್ನೂ ಅದು ಬೇರ್ಪಡಿಸುವುದಿಲ್ಲ.

ಆದ್ದರಿಂದ ಹೊರಗಿನಿಂದ ಬರುವ ಸರಣಿ ‘ಪಾಡ್‌ಕಾಸ್ಟ್’ ಆಗಿಯೇ ಇರಲಿ, ಮಕ್ಕಳ ಫೋನಿನಲ್ಲಿ ಅದು ಆ ಹೆಸರಿನಲ್ಲೇ ಸಿಗುತ್ತದೆ. ಅದರ ಬಿಡಿ ಭಾಗಕ್ಕೆ ಧಾರಾವಾಹಿಗಳಿಂದ ಎಲ್ಲರಿಗೂ ಪರಿಚಿತವಾದ ‘ಕಂತು’ ಸಾಕು. ಕೇಳಿ, ನಿಲ್ಲಿಸಿ, ಚರ್ಚಿಸುವ ತರಗತಿಯ ಚಟುವಟಿಕೆಯನ್ನು ‘ಕೇಳುಪಾಠ’ ಎನ್ನಿ. ‘ಕೇಳಿ ಕಲಿ’ ಎಂಬ ಬಾನುಲಿ ಪಾಠಗಳನ್ನು ಕಂಡಿರುವ ನಮ್ಮ ಶಾಲೆಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಕ್ಕಳು ತಯಾರಿಸುವುದಕ್ಕೆ ‘ಧ್ವನಿ ವರದಿ’ ಒಪ್ಪೀತು.

ಪದದ ಜೊತೆಗೆ ಅದರ ಮಿತಿಯನ್ನೂ ಕೈಪಿಡಿಯಲ್ಲಿ ಹೇಳಿದರೆ ಒಳ್ಳೆಯದು. ದರ್ಪಣಗಳ ಕಿರಣಚಿತ್ರವನ್ನು ಕೇಳುಪಾಠದಲ್ಲಿ ಕಲಿಸಹೊರಟರೆ ಕರಿಹಲಗೆ ಬೇಕೇ ಬೇಕು. ಹಕ್ಕಿ, ಕಪ್ಪೆಗಳ ಕೂಗಿಗಾದರೆ ಪಠ್ಯದ ಚಿತ್ರಕ್ಕಿಂತ ಇದೇ ಲೇಸು. ಬಾವಲಿಯ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ಮನುಷ್ಯನ ಕಿವಿಗೆ ನಿಲುಕುವುದು ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ಶಬ್ದ, ಬಾವಲಿಗಳು ದಾರಿ ಹುಡುಕಲು ಹೊರಡಿಸುವ ಕೂಗು ಬಹುಮಟ್ಟಿಗೆ ಅದರಾಚೆಯದು. ಕಂತಿನಲ್ಲಿ ನಮಗೆ ಕೇಳಿಸುವ ‘ಬಾವಲಿಯ ಕೂಗು’ ಆವೃತ್ತಿಯನ್ನು ತಗ್ಗಿಸಿ ಕೇಳಿಸಿದ್ದೆಂದು ಶಿಕ್ಷಕರು ಹೇಳದಿದ್ದರೆ, ಶ್ರವಣಾತೀತ ಶಬ್ದವೂ ಕೇಳಿಸುತ್ತದೆಂದು ಮಕ್ಕಳು ನಂಬಿಬಿಡುತ್ತಾರೆ. ಕಿವಿ ಮಂದವಿರುವ ಮಕ್ಕಳಿಗಾಗಿ ಪ್ರತಿ ಕಂತಿನ ಬರಹರೂಪವೂ ಜೊತೆಗಿರಬೇಕು.

— ವಿಜ್ಞಾನ ಬರಹಗಾರ, ರಾಜಾಜಿನಗರ

*

‘ಕೇಳು’ ಕನ್ನಡ, ‘ಪಾಠ’ ಸಂಸ್ಕೃತ. ಇದು ಅರಿಸಮಾಸ, ಎರಡು ನುಡಿಗಳ ಪದಗಳನ್ನು ಬೆಸೆದ ದೋಷ. ವೈಯಾಕರಣ ಕೇಶಿರಾಜನನ್ನು ಓದಿದವರು ಯಾರೂ ಒಪ್ಪುವುದಿಲ್ಲ.

— ಮಲ್ಲೇಶ್ವರ

*

ಓದಿದವರು ಒಪ್ಪುತ್ತಾರೆ. ‘ಕೇಳುವ ಪಾಠ’ ಎಂದು ಬಿಡಿಸಿದರೆ ಅದು ಗಮಕಸಮಾಸ, ‘ಸುಡುಗಾಡು’ ಇದ್ದ ಹಾಗೆ. ಗಮಕದಲ್ಲಿ ಅರಿಸಮಾಸದ ದೋಷ ಬರುವುದಿಲ್ಲ. ‘ಮಳೆಗಾಲ’ದಲ್ಲಿರುವ ‘ಕಾಲ’ ಸಂಸ್ಕೃತದ್ದೇ ಆಗಿದ್ದರೂ ಅಧ್ಯಾಪಕರು ಕೊಡೆ ಹಿಡಿಯುವುದನ್ನು ಬಿಟ್ಟಿಲ್ಲ ಎಂದುಕೊಂಡಿದ್ದೇನೆ.

— ಚಾಮರಾಜಪೇಟೆ

*

ಎಲ್ಲರಿಗೂ ವಂದನೆಗಳು.

ಅಧ್ಯಾಯಕ್ಕೆ ‘ಪಾಡ್‌ಕಾಸ್ಟ್ ಮತ್ತು ಕೇಳುಪಾಠ’ ಎಂಬ ಶೀರ್ಷಿಕೆಯನ್ನೂ ಕೊಠಡಿಗೆ ‘ಕೇಳುಪಾಠದ ಕೋಣೆ’ ಎಂಬ ಹೆಸರನ್ನೂ ಇಡುತ್ತಿದ್ದೇವೆ. ಫಲಕಕ್ಕೆ ಈ ಪದವೇ ಅನುಕೂಲವೂ ಹೌದು. ಬರೆಯುವವರು ಕಳುಹಿಸಿದ ಮಾದರಿಯಲ್ಲಿ ‘ಪಾಡ್ಕಾಸ್ಟ್’ ಎಂದು ‘ಡ’ಕಾರದ ಕೆಳಗೆ ‘ಕ’ ಒತ್ತು ಬಂದಿತ್ತು. ‘ಧ್ವನಿ ವರದಿ’ಯನ್ನು ತೆಗೆದುಕೊಳ್ಳುತ್ತಿಲ್ಲ, ಏಕೆಂದರೆ ಪ್ರಯೋಗದ ಲಿಖಿತ ವರದಿಯೂ ಅದೇ ಪುಟದಲ್ಲಿ ಬರುತ್ತದೆ, ಅಲ್ಲಿ ‘ಮಕ್ಕಳ ಕಂತು’ ಎಂದೇ ಬರೆಯುತ್ತೇವೆ. ವಿಭಕ್ತಿ ಹತ್ತುವಾಗ ‘ಪಾಡ್‌ಕಾಸ್ಟಿನಲ್ಲಿ’, ‘ಪಾಡ್‌ಕಾಸ್ಟುಗಳು’ ಎಂಬ ರೂಪಗಳನ್ನು ಉದ್ದಕ್ಕೂ ಒಂದೇ ರೀತಿ ಇಡುವಂತೆ ಕರಡು ತಿದ್ದುವವರಿಗೆ ತಿಳಿಸಿದ್ದೇನೆ. ಬಾವಲಿಯ ಮಾತು ಟಿಪ್ಪಣಿಯಾಗಿ ಸೇರಿದೆ.

ಬೇರೆ ತಿದ್ದುಪಡಿಗಳಿದ್ದರೆ ಶನಿವಾರ ಸಂಜೆಯೊಳಗೆ ಕಳುಹಿಸಿ. ‘ಬಿತ್ತರ’ದ ವ್ಯುತ್ಪತ್ತಿಯನ್ನು ದಯವಿಟ್ಟು ಬೇರೆ ಶೀರ್ಷಿಕೆಯಡಿ ಮುಂದುವರಿಸಿ.

— ಬಸವನಗುಡಿ