ಕಂಡೆನ್ಸರ್ ಲೀಕ್ ಆಗೋದಕ್ಕೆ ‘ಸೋರೋದು’ ಅನ್ಬೇಕಾ, ‘ಒಸರೋದು’ ಅನ್ಬೇಕಾ?

ಎಲ್ರಿಗೂ ನಮಸ್ಕಾರ. ಒಂದು ಪದದ ವಿಚಾರ ಕೇಳ್ಬೇಕಿತ್ತು, ಸ್ವಲ್ಪ ಉದ್ದ ಆಗುತ್ತೆ, ಯಾಕಂದ್ರೆ ವಸ್ತು ಯಾವ್ದು ಅಂತ ಹೇಳ್ದೆ ಬರೀ ಪದ ಕೇಳಿದ್ರೆ ಸರಿಯಾದ ಉತ್ತರ ಸಿಗಲ್ಲ.

ನಮ್ಮಪ್ಪ ಓಡಿಸ್ತಿದ್ದ ಹಳೇ ಪದ್ಮಿನಿ ಕಾರು ಇನ್ನೂ ಮನೇಲಿದೆ. ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತೆ, ಬಸವನಗುಡಿಯಿಂದ ಹೊರಟು ಹೆಬ್ಬಾಳ ಬರೋ ಹೊತ್ತಿಗೆ ಮಿಸ್ ಹೊಡಿಯೋಕೆ ಶುರು ಮಾಡುತ್ತೆ, ಆಫ್ ಮಾಡಿದ್ರೆ ಮತ್ತೆ ಸ್ಟಾರ್ಟ್ ಆಗಲ್ಲ, ಬಾನೆಟ್ ಎತ್ತಿಟ್ಟು ಅರ್ಧ ಗಂಟೆ ಕಾದ್ರೆ ಏನೂ ಆಗೇ ಇಲ್ವೇನೋ ಅನ್ನೋ ಥರ ಓಡುತ್ತೆ. ಮೇಸ್ತ್ರಿ ಹತ್ರ ಬಿಸಿ ಇರುವಾಗ್ಲೇ ತೋರಿಸ್ದೆ. ಪ್ಲಗ್ಗುಗಳಿಗೆ ಕರೆಂಟು ಹಂಚೋ ಡಿಸ್ಟ್ರಿಬ್ಯೂಟರಿನ ಕ್ಯಾಪ್ ಬಿಚ್ಚಿ, ಶೆಡ್ಡಿನ ಲೈಟ್ ಆರಿಸಿ, ನನ್ನ ಕೈಲಿ ಸೆಲ್ಫ್ ಹೊಡೆಸಿದ್ರು. ಸಿಬಿ ಪಾಯಿಂಟಲ್ಲಿ (ಕಾಯಿಲ್ಲಿಗೆ ಹೋಗೋ ಕರೆಂಟನ್ನ ಕಡಿದು ಜೋಡಿಸೋ ಸ್ವಿಚ್ಚು) ದೊಡ್ಡ ಕಿಡಿ ಏನೂ ಇರ್ಲಿಲ್ಲ, ಆದ್ರೆ ಕಾಯಿಲ್ (ಪ್ಲಗ್ಗಿಗೆ ಬೇಕಾದ ಹೆಚ್ಚು ವೋಲ್ಟ್ ಮಾಡಿಕೊಡೋ ಸುರುಳಿ) ವೈರ್ ತುದೀನ ಇಂಜಿನ್ ಹತ್ರ ಹಿಡಿದಾಗ ಬಂದ ಕಿಡಿ ತೆಳ್ಳಗೆ, ಕೆಂಪಗೆ ಇತ್ತು. "ಕಂಡೆನ್ಸರ್ ಹೋಗಿಲ್ಲ ಸಾರ್, ಲೀಕ್ ಇದೆ" ಅಂದ್ರು. ನನ್ನ ಪ್ರಶ್ನೆ ಹುಟ್ಟಿದ್ದು ಈ ಮಾತಿಂದ.

ಕಂಡೆನ್ಸರ್ ಕೆಲಸ ಏನಂದ್ರೆ, ಪಾಯಿಂಟ್ ಬಿಟ್ಕೊಂಡ ಕ್ಷಣದಲ್ಲಿ ಕಾಯಿಲ್ಲಿನ ಕರೆಂಟು ಆ ಸಂದಿಯಲ್ಲಿ ಕಿಡಿಯಾಗಿ ಹಾರಿ ಹೋಗ್ದಿರೋ ಹಾಗೆ ಅದನ್ನ ತನ್ನೊಳಗೆ ತಗೊಳ್ಳೋದು. ಹಾಗಾದ್ರೇನೇ ಕಾಯಿಲ್ಲಿನ ಕಾಂತಕ್ಷೇತ್ರ ತಟ್ಟನೆ ಕುಸಿದು ಪ್ಲಗ್ಗಿಗೆ ಸಾವಿರಾರು ವೋಲ್ಟ್ ಹೋಗೋದು. ಹೆಬ್ಬೆಟ್ಟಿನಷ್ಟು ತಗಡಿನ ಡಬ್ಬಿ, ಒಂದೇ ವೈರ್, ಹಳೇದ್ರಲ್ಲಿ ಒಳಗಡೆ ಲೋಹದ ಹಾಳೆ ಮತ್ತೆ ಕಾಗದ ಒಟ್ಟಿಗೆ ಸುತ್ತಿರ್ತಾರೆ. ವರ್ಷ ಕಳೆದಂಗೆ ಆ ಕಾಗದ ತೇವ ಎಳ್ಕೊಳ್ಳುತ್ತೆ. ಪೂರ್ತಿ ಶಾರ್ಟ್ ಆದ್ರೆ ಪ್ಲಗ್ಗಿಗೆ ಕರೆಂಟೇ ಬರಲ್ಲ, ಒಳಗೆ ಓಪನ್ ಆದ್ರೆ ಪಾಯಿಂಟಲ್ಲಿ ನೀಲಿ ಕಿಡಿ ಹಾರಿ ಪಾಯಿಂಟ್ ಸುಟ್ಟು ಕಪ್ಪಾಗುತ್ತೆ. ಇವೆರಡಕ್ಕೂ ಮೇಸ್ತ್ರಿ "ಹೋಗಿದೆ" ಅಂತಾರೆ. ನಮ್ದು ಮೂರನೇ ಥರದ್ದು.

ಮನೆಗೆ ತಂದು ನಾನೇ ನೋಡ್ದೆ. ಮೀಟರಲ್ಲಿ 0.21 ಮೈಕ್ರೋಫ್ಯಾರಡ್, ಈ ಕಾರುಗಳಿಗೆ 0.18ರಿಂದ 0.25 ಇರುತ್ತೆ, ಅಂದ್ರೆ ಸರಿಯಾಗೇ ಇದೆ. ಮಲ್ಟಿಮೀಟರಲ್ಲಿ ಓಮ್ಸ್ ಇಟ್ರೂ ಏನೂ ತೋರಿಸ್ಲಿಲ್ಲ, ತೋರಿಸೋದೂ ಇಲ್ಲ, ಯಾಕಂದ್ರೆ ಮೀಟರ್ ಕೊಡೋದು ಕೆಲವೇ ವೋಲ್ಟ್, ಗಾಡೀಲಿ ಪಾಯಿಂಟ್ ಬಿಟ್ಟಾಗ ಬೀಳೋದು 200-300 ವೋಲ್ಟ್. ಆಮೇಲೆ ಪಕ್ಕದ ಮನೆ ಎಲೆಕ್ಟ್ರಿಷಿಯನ್ ಹತ್ರ 500 ವೋಲ್ಟ್ ಮೆಗ್ಗರ್ (ಹೆಚ್ಚು ವೋಲ್ಟ್ ಕೊಟ್ಟು ಕರೆಂಟು ಲೀಕ್ ಆಗುತ್ತಾ ಅಂತ ನೋಡೋ ಮೀಟರ್) ಇಸ್ಕೊಂಡು ಹಾಕ್ದೆ. ತಣ್ಣಗಿದ್ದಾಗ ಮುಳ್ಳು ಇನ್ಫಿನಿಟಿ ತುದೀಲೇ ನಿಂತಿತ್ತು, ಅಂದ್ರೆ ಲೀಕ್ ಇಲ್ಲ. ಹೇರ್ ಡ್ರೈಯರ್ ಹಿಡಿದು ಡಬ್ಬಿ ಮುಟ್ಟೋಕಾಗದಷ್ಟು ಬಿಸಿ ಮಾಡಿ ಮತ್ತೆ ಹಾಕಿದಾಗ ಮುಳ್ಳು ನಿಧಾನಕ್ಕೆ ಜಾರ್ತಾ ಜಾರ್ತಾ ಸೊನ್ನೆ ಹತ್ರ ಬಂತು, ಅಂದ್ರೆ ಬಿಸಿಯಾದಾಗ ಕಾಗದ ದಾಟಿ ಕರೆಂಟು ಹೋಗ್ತಿದೆ. ಯಾರಾದ್ರೂ ಹೀಗೆ ನೋಡೋದಾದ್ರೆ ಮೆಗ್ಗರ್ ತೆಗೆದ ತಕ್ಷಣ ವೈರ್‌ನ ಡಬ್ಬಿಗೆ ಮುಟ್ಟಿಸಿ ಖಾಲಿ ಮಾಡಿ, ಇಲ್ದಿದ್ರೆ ಶಾಕ್ ಹೊಡಿಯುತ್ತೆ. ಜೆ.ಸಿ. ರೋಡಲ್ಲಿ ಹಳೇ ಸ್ಟಾಕಿನ ಎರಡು ತಂದಿದ್ದೆ, ಪ್ಯಾಕೆಟ್ಟೇ ಒಡೆದಿರ್ಲಿಲ್ಲ, ಅದ್ರಲ್ಲೂ ಒಂದು ಇದೇ ಕಥೆ.

ಈಗ ಪದಕ್ಕೆ ಬರ್ತೀನಿ. ಇದನ್ನೆಲ್ಲ ಕನ್ನಡದಲ್ಲಿ ಬರೆದಿಡೋಣ ಅಂತ ಕೂತೆ, ಅಂಬಾಸಿಡರ್ ಕಾರು, ಜಾವಾ ಬೈಕು ಇಟ್ಕೊಂಡಿರೋ ಸ್ನೇಹಿತರಿಗೂ ಉಪಯೋಗ ಆಗುತ್ತೆ ಅಂತ. ಕಂಡೆನ್ಸರ್ ಅನ್ನೋದನ್ನ ಹಾಗೇ ಬಿಟ್ಟಿದೀನಿ. ‘ಸಾಂದ್ರಕ’ ಅಂದ್ರೆ ಆವಿಯನ್ನ ನೀರು ಮಾಡೋ ಯಂತ್ರ, ಫ್ರಿಜ್ಜಿನ ಹಿಂದಿರೋದು ಅಂತ ಓದೋರು ತಿಳ್ಕೊತಾರೆ. ಇಂಗ್ಲಿಷಲ್ಲೂ ಎರಡಕ್ಕೂ ಒಂದೇ ಹೆಸರಾಗಿದ್ದು 1782ರಲ್ಲಿ ವೋಲ್ಟಾ ವಿದ್ಯುತ್ತು ಇದ್ರಲ್ಲಿ ದಟ್ಟವಾಗಿ ಕೂಡುತ್ತೆ ಅಂತ ‘ಕಂಡೆನ್ಸತೋರೆ’ ಅಂದಿದ್ರಿಂದ. ಆಮೇಲೆ ಉಳಿದೋರೆಲ್ಲ ಕೆಪಾಸಿಟರ್ ಅಂದ್ರು, ಗಾಡಿಯೋರು ಮಾತ್ರ ಹಳೇ ಹೆಸರು ಬಿಡ್ಲಿಲ್ಲ. ನಮ್ಮಲ್ಲಿ ಫ್ಯಾನಿನೋರೂ ಬಿಟ್ಟಿಲ್ಲ, ಎಸ್.ಪಿ. ರೋಡಲ್ಲಿ ಕಂಡೆನ್ಸರ್ ಕೊಡಿ ಅಂದ್ರೆ ಮೊದಲು 2.5 ಮೈಕ್ರೋಫ್ಯಾರಡ್‌ದು ಫ್ಯಾನಿಂದೇ ಕೈಗೆ ಬರೋದು. ‘ಧಾರಕ’ ಒಳ್ಳೇ ಪದ, ಆದ್ರೆ ಅದ್ರ ಜೊತೆಗೆ "ಧಾರಣೆ ಇಳಿದಿದೆ" ಅಂತ ಬರೆದ್ರೆ ನಮ್ಮೋರಿಗೆ ಅಡಿಕೆ ರೇಟು ನೆನಪಾಗುತ್ತೆ.

ನಂಗೆ ಸಿಕ್ಕಾಕ್ಕೊಂಡಿರೋದು ಲೀಕ್. ‘ಸೋರಿಕೆ’ ಅಂತ ಬರೆದೆ, ಓದ್ದಾಗ ಸರಿ ಅನ್ನಿಸ್ಲಿಲ್ಲ. ಸೂರು ಸೋರೋದು ಹೆಂಚು ಒಡೆದಾಗ, ಬಕೆಟ್ ಸೋರೋದು ತೂತು ಬಿದ್ದಾಗ. ಇಲ್ಲಿ ತೂತಿಲ್ಲ. ನಮ್ಮಜ್ಜಿ ಹೊಸ ಮಡಕೆಗೆ ನೀರು ತುಂಬಿಟ್ಟಾಗ "ಮಡಕೆ ಒಸರ್ತಿದೆ" ಅನ್ನೋರು. ಎಲ್ಲೂ ಬಿರುಕಿಲ್ಲ, ಆದ್ರೂ ಮೈಯೆಲ್ಲ ತೇವ. ಬಿಸಿಯಾದ ಕಂಡೆನ್ಸರಲ್ಲಿ ಕಾಗದದ ಮೈಯಿಂದ ಕರೆಂಟು ಹೊರಗೆ ಬರೋದೂ ಹೀಗೇ ಅಲ್ವಾ. ಅದಕ್ಕೆ "ಕಂಡೆನ್ಸರ್ ಒಸರ್ತಿದೆ" ಅಂತ ಬರೀಬೇಕು ಅಂತ ನಂಗೆ ಬಲವಾಗಿ ಅನ್ನಿಸ್ತಿದೆ. ‘ಜಿನುಗು’ ಕೂಡ ಯೋಚಿಸ್ದೆ, ಅದು ಬುಗ್ಗೆ, ಕಣ್ಣೀರು ಕಡೆಗೆ ಹೋಗುತ್ತೆ.

ಒಸರು ಅನ್ನೋದನ್ನ ನೀರು, ಎಣ್ಣೆ ಬಿಟ್ಟು ಬೇರೆ ಯಾವುದಕ್ಕಾದ್ರೂ ನಿಮ್ಮೂರ ಕಡೆ ಬಳಸೋದು ಕೇಳಿದೀರಾ? ಪಂಪ್‌ಸೆಟ್ಟು, ಮೋಟರ್ ರಿಪೇರಿ ಮಾಡೋರು ಕರೆಂಟಿಗೆ ಹಾಗೆ ಅಂತಾರಾ? ಇನ್ನೊಂದು, "ಒಸರಿಕೆ" ಅಂತ ನಾಮಪದ ಮಾಡಿದ್ರೆ ಕಿವಿಗೆ ಸರಿ ಕೂರುತ್ತಾ, ಇಲ್ಲ "ಒಸರು" ಅಂತಲೇ ಬಿಡಬೇಕಾ, ಬಲ್ಲೋರು ಹೇಳಿ.