ಉಬುಂಟು ಒಳಗೆ ಎಕ್ಸ್‌ಪಿ: ಪೇಜ್‌ಮೇಕರ್ ಫೈಲುಗಳಿಗೆ ಯಾವ ದಾರಿ?

ಅಚ್ಚುಮೊಳೆ (ಉಡುಪಿ):
ಮುದ್ರಣಾಲಯದ ಕಂಪ್ಯೂಟರು 6ನೇ ತಲೆಮಾರಿನ ಐ5, 8 ಜಿಬಿ ರ್‍ಯಾಮ್, 256 ಜಿಬಿ ಎಸ್‌ಎಸ್‌ಡಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, 11 ಈ ಪ್ರೊಸೆಸರನ್ನು ಒಪ್ಪುವುದಿಲ್ಲ. ಉಬುಂಟು (ಉಚಿತ ಲಿನಕ್ಸ್ ಓಎಸ್) ಹಾಕುವುದು ಅಂತ ಉಂಟು. ಆದರೆ ಬ್ರಹ್ಮಕಲಶದ ಆಮಂತ್ರಣ, ಮೇಳದ ಹ್ಯಾಂಡ್‌ಬಿಲ್ಲು ಎಲ್ಲ ಇರುವುದು ಹಳೆಯ ಪುಟವಿನ್ಯಾಸ ತಂತ್ರಾಂಶ ಪೇಜ್‌ಮೇಕರ್ 7ರಲ್ಲಿ, ನುಡಿ ಫಾಂಟಿನಲ್ಲಿ. ಇನ್ನೊಂದು ಲಿಪಿ ತಂತ್ರಾಂಶಕ್ಕೆ ಯುಎಸ್‌ಬಿ ಬೀಗ (ಚುಚ್ಚಿದರೆ ಮಾತ್ರ ತಂತ್ರಾಂಶ ಓಡುವ ಡಾಂಗಲ್) ಬೇಕು. ವರ್ಚುವಲ್‌ಬಾಕ್ಸ್‌ನಲ್ಲಿ (ಉಬುಂಟು ಒಳಗೇ ಇನ್ನೊಂದು ಕಂಪ್ಯೂಟರಿನ ಹಾಗೆ) ವಿಂಡೋಸ್ ಎಕ್ಸ್‌ಪಿ ಹಾಕುವುದಾ, ಡ್ಯುಯಲ್ ಬೂಟಾ (ಎರಡೂ ಓಎಸ್ ಬೇರೆ ಬೇರೆ ಹಾಕಿ, ಆನ್ ಮಾಡುವಾಗ ಒಂದನ್ನು ಆರಿಸುವುದು)?

ಹಂಪನಕಟ್ಟೆ_ವಯರ್:
ಡ್ಯುಯಲ್ ಬೂಟೇ ಸಾಕು ಮಾರಾಯ್ರೆ. ಯಂತ್ರದ ಪೂರ್ತಿ ಶಕ್ತಿ ಸಿಗ್ತದೆ, ಬೀಗ ನೇರ ಓಡ್ತದೆ. ವರ್ಚುವಲ್ ಅಂದರೆ 8 ಜಿಬಿಯಲ್ಲಿ ಎರಡು ಪಂಕ್ತಿ ಬಡಿಸಿದ ಹಾಗೆ.

ನೇತ್ರಾವತಿ64:
ಎಕ್ಸ್‌ಪಿಗೆ 512 ಎಂಬಿ ಕೊಟ್ಟರೆ ಪೇಜ್‌ಮೇಕರ್ ಆರಾಮಾಗಿ ಓಡ್ತದೆ. 8 ಜಿಬಿಯಲ್ಲಿ ಅದು ಎಲೆಯ ತುದಿಯ ಉಪ್ಪಿನಕಾಯಿ. ಇನ್ನು ಬೀಗದ ಮಾತು. ನಿಮ್ಮ ಪ್ರೊಸೆಸರಿನ ಜೊತೆ ಬರುವ ಇಂಟೆಲ್ 100 ಸರಣಿಯ ಚಿಪ್‌ಸೆಟ್‌ನಲ್ಲಿ ಹಳೆಯ ಇಎಚ್‌ಸಿಐ (ಯುಎಸ್‌ಬಿ 2.0ರ) ಕಂಟ್ರೋಲರನ್ನೇ ತೆಗೆದಿದ್ದಾರೆ, ಇರುವುದು ಎಕ್ಸ್‌ಎಚ್‌ಸಿಐ (ಯುಎಸ್‌ಬಿ 3.0ರದ್ದು) ಮಾತ್ರ. ಅದಕ್ಕೆ ಎಕ್ಸ್‌ಪಿಯಲ್ಲಿ ಡ್ರೈವರ್ ಇಲ್ಲ. ಅಂದರೆ ಬೀಗ ಬಿಡಿ, ಯುಎಸ್‌ಬಿ ಮೌಸೂ ಅಲ್ಲಾಡುವುದಿಲ್ಲ. 32 ಬಿಟ್ ಎಕ್ಸ್‌ಪಿ ಜಿಪಿಟಿ (ಹೊಸ ರೀತಿಯ ವಿಭಜನೆಯ) ಡಿಸ್ಕಿನಿಂದ ಬೂಟ್ ಆಗುವುದೂ ಇಲ್ಲ.

ಪಡುವಣಗಾಳಿ:
ವೈನ್ (ವಿಂಡೋಸ್ ತಂತ್ರಾಂಶವನ್ನು ಲಿನಕ್ಸ್‌ನಲ್ಲೇ ಓಡಿಸುವ ಪದರ) ನೋಡಬಹುದಲ್ಲಾ? ಎರಡನೇ ಓಎಸ್ಸೇ ಬೇಡ.

ನೇತ್ರಾವತಿ64:
ಬೀಗ ಇಲ್ಲದಿದ್ದರೆ ನೋಡಬಹುದಿತ್ತು. ಬೀಗದ ಕರ್ನಲ್ (ಓಎಸ್‌ನ ತಿರುಳು) ಡ್ರೈವರ್ ವೈನ್‌ನಲ್ಲಿ ನಂಬುವ ಹಾಗೆ ಓಡುವುದಿಲ್ಲ.

ವರ್ಚುವಲ್‌ಬಾಕ್ಸ್‌ನಲ್ಲಿ ಹೀಗೆ ಮಾಡಿ. ಮೊದಲು ಬಯಾಸ್‌ನಲ್ಲಿ ವಿಟಿ-ಎಕ್ಸ್ (ವರ್ಚುವಲ್ ಯಂತ್ರಕ್ಕೆ ಪ್ರೊಸೆಸರಿನ ಬೆಂಬಲ) ಆನ್ ಮಾಡಿ. ಹೊಸ ಯಂತ್ರಕ್ಕೆ 1 ಸಿಪಿಯು, 512 ಎಂಬಿ, 20 ಜಿಬಿ ಡೈನಾಮಿಕ್ ಡಿಸ್ಕ್. ಡಿಸ್ಕನ್ನು ಸಾಟಾಕ್ಕೆ ಅಲ್ಲ, ಐಡಿಇ ಕಂಟ್ರೋಲರಿಗೆ ಸೇರಿಸಬೇಕು. ಎಕ್ಸ್‌ಪಿಯ ಸಿಡಿಯಲ್ಲಿ ಎಎಚ್‌ಸಿಐ (ಸಾಟಾದ) ಡ್ರೈವರ್ ಇಲ್ಲ, ಸಾಟಾ ಇಟ್ಟರೆ ಡಿಸ್ಕೇ ಕಾಣುವುದಿಲ್ಲ, ಇಲ್ಲವೇ 7ಬಿ ಎಂಬ ನೀಲಿ ಪರದೆ ಬಂದು ನಿಲ್ತದೆ. ಯುಎಸ್‌ಬಿಯಲ್ಲಿ 3.0 ಬೇಡ, 2.0 ಆರಿಸಿ. 7.0 ಆವೃತ್ತಿಯಿಂದ ಇದಕ್ಕೆ ಎಕ್ಸ್‌ಟೆನ್ಶನ್ ಪ್ಯಾಕ್ ಬೇಕಿಲ್ಲ. ಬೀಗ ಚುಚ್ಚಿ ಅದಕ್ಕೆ ಯುಎಸ್‌ಬಿ ಫಿಲ್ಟರ್ ಹಾಕಿದರೆ ಅದು ಪ್ರತಿ ಸಲ ತಾನಾಗಿ ಒಳಗೆ ಹೋಗ್ತದೆ.

ಬಲ್ಮಠ_ಬಿಟ್ಸ್:
ಉಬುಂಟುವಿನ ಕಡೆ ಎರಡು ಕೊಕ್ಕೆ ಉಂಟು. ಸೆಕ್ಯೂರ್ ಬೂಟ್ ಆನ್ ಇದ್ದರೆ ಸಹಿ ಇಲ್ಲದ ವರ್ಚುವಲ್‌ಬಾಕ್ಸ್ ಮಾಡ್ಯೂಲನ್ನು ಕರ್ನಲ್ ಒಳಗೆ ಬಿಡುವುದಿಲ್ಲ. ಇನ್‌ಸ್ಟಾಲ್ ಆಗುವಾಗ ಒಂದು ಪಾಸ್‌ವರ್ಡ್ ಕೇಳ್ತದೆ, ಅದನ್ನು ಬರೆದಿಡಿ. ಮರುಬೂಟಿನಲ್ಲಿ ಬರುವ ನೀಲಿ ಪರದೆಯಲ್ಲಿ ಅದನ್ನೇ ಕೊಟ್ಟು ಕೀಲಿ ನೋಂದಾಯಿಸಬೇಕು. ಅಲ್ಲಿ ಸುಮ್ಮನೆ ಎಂಟರ್ ಒತ್ತಿ ಮುಂದೆ ಹೋದವರೇ ಆಮೇಲೆ ಯಂತ್ರ ಓಡುದಿಲ್ಲ ಅಂತ ಬರುವುದು. ಎರಡನೆಯದು: ಕರ್ನಲ್ 6.12ರಿಂದ ಕೆವಿಎಂ (ಲಿನಕ್ಸ್‌ನದ್ದೇ ವರ್ಚುವಲ್ ಯಂತ್ರ ವ್ಯವಸ್ಥೆ) ಮಾಡ್ಯೂಲ್ ಲೋಡ್ ಆದ ಕೂಡಲೇ ವಿಟಿ-ಎಕ್ಸನ್ನು ತಾನೇ ಹಿಡಿದುಕೊಳ್ತದೆ. ವರ್ಚುವಲ್‌ಬಾಕ್ಸ್ ಎರರ್ ಕೊಟ್ಟರೆ ಕೆವಿಎಂ-ಇಂಟೆಲ್ ಮಾಡ್ಯೂಲನ್ನು ಇಳಿಸಿ ನೋಡಿ.

ಹಂಪನಕಟ್ಟೆ_ವಯರ್:
ಯುಎಸ್‌ಬಿ ವಿಷಯ ಒಪ್ಪಿದೆ. ಆದರೆ 2014ರ ಏಪ್ರಿಲ್ 8ಕ್ಕೆ ಬೆಂಬಲ ನಿಂತ ಎಕ್ಸ್‌ಪಿಯನ್ನು ಪುನಃ ನೆಟ್‌ಗೆ ಬಿಡುವುದಾ?

ಬಲ್ಮಠ_ಬಿಟ್ಸ್:
ಬಿಡುವುದೇ ಬೇಡ, ನೆಟ್‌ವರ್ಕ್ ಅಡಾಪ್ಟರನ್ನೇ ತೆಗೆದುಬಿಡಿ. ಪ್ರಿಂಟರನ್ನೂ ಒಳಗೆ ಕೊಡಬೇಡಿ. ಎಕ್ಸ್‌ಪಿಯಲ್ಲಿ ಒಂದು ಪೋಸ್ಟ್‌ಸ್ಕ್ರಿಪ್ಟ್ (ಪುಟವನ್ನು ವಿವರಿಸುವ ಭಾಷೆ) ಪ್ರಿಂಟರ್ ಡ್ರೈವರ್ ಹಾಕಿ, ಫೈಲಿಗೆ ಪ್ರಿಂಟ್ ಕೊಡಿ. ಆ ಫೈಲನ್ನು ಉಬುಂಟುವಿಗೆ ತಂದು ಘೋಸ್ಟ್‌ಸ್ಕ್ರಿಪ್ಟ್‌ನಲ್ಲಿ ಪಿಡಿಎಫ್ ಮಾಡಿ. ನುಡಿ ಫಾಂಟು ಪೋಸ್ಟ್‌ಸ್ಕ್ರಿಪ್ಟ್ ಒಳಗೇ ಸೇರಿರಬೇಕು. ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆ ಬರ್ತವೆ. ಹಳೆ ನುಡಿಯಲ್ಲಿ ಕನ್ನಡದ ತುಂಡುಗಳು ಕೂತಿರುವುದೇ ಆ ಸ್ಥಾನಗಳಲ್ಲಿ.

ಪಡುವಣಗಾಳಿ:
ಇಷ್ಟೆಲ್ಲ ಒದ್ದಾಡುವ ಬದಲು ಒಮ್ಮೆ ಯುನಿಕೋಡ್ ಮಾಡಿಬಿಡಿ.

ನೇತ್ರಾವತಿ64:
ಹೊಸ ಕೆಲಸಕ್ಕೆ ಖಂಡಿತ. ಹಳೆ ಫೈಲಿಗೆ ಅಷ್ಟು ಸುಲಭ ಅಲ್ಲ. ಪರಿವರ್ತಕಗಳು ಅರ್ಕಾವತ್ತಿನಲ್ಲಿ, ಒತ್ತಕ್ಷರದಲ್ಲಿ ಎಡವುತ್ತವೆ. ಪುಟವಿನ್ಯಾಸ ಸಮೇತ ಬೇಕೆಂದರೆ ಇನ್‌ಡಿಸೈನ್ ಸಿಎಸ್6 ಅಥವಾ ಅದಕ್ಕೂ ಹಿಂದಿನದು ಬೇಕು, ಆಮೇಲಿನವು ಪೇಜ್‌ಮೇಕರ್ ಫೈಲು ತೆರೆಯುವುದಿಲ್ಲ. ಆಮಂತ್ರಣದಲ್ಲಿ ತಂತ್ರಿಗಳ ಹೆಸರಿನ ಒತ್ತು ಹೋದರೆ ಜಗಳ ಮಾಡಲು ಯಾರು ಬರುವುದು?

ಹಂಪನಕಟ್ಟೆ_ವಯರ್:
ಲೈಸೆನ್ಸ್ ಯಾರೂ ಹೇಳಲಿಲ್ಲ. ಕಂಪ್ಯೂಟರಿನ ಜೊತೆ ಬಂದ ಓಇಎಂ ಎಕ್ಸ್‌ಪಿ ಆ ಯಂತ್ರಕ್ಕೆ ಮಾತ್ರ. ಬಿಡಿಯಾಗಿ ಖರೀದಿಸಿದ ಸಿಡಿ ಇದ್ದರೆ ಅದನ್ನು ಬಳಸಿ. ಮತ್ತೆ, ಮಳೆಗಾಲದಲ್ಲಿ ಕರೆಂಟು ಹೋದರೆ?

ಬಲ್ಮಠ_ಬಿಟ್ಸ್:
ಇದು ಸರಿಯಾದ ಪ್ರಶ್ನೆ. ಐಡಿಇ ಕಂಟ್ರೋಲರಿಗೆ ವರ್ಚುವಲ್‌ಬಾಕ್ಸ್ ತಾನಾಗಿಯೇ ಹೋಸ್ಟ್ ಐ/ಓ ಕ್ಯಾಷ್ ಆನ್ ಇಡ್ತದೆ. ಪೇಜ್‌ಮೇಕರ್ 'ಸೇವ್ ಆಯ್ತು' ಅಂದರೂ ಬರೆದದ್ದು ಇನ್ನೂ ಉಬುಂಟುವಿನ ರ್‍ಯಾಮ್‌ನಲ್ಲೇ ಇರಬಹುದು. ಕರೆಂಟು ಹೋದರೆ ಫೈಲೂ ಹೋಯ್ತು, ಕೆಲವೊಮ್ಮೆ ಎಕ್ಸ್‌ಪಿಯ ಡಿಸ್ಕೂ. ಸ್ಟೋರೇಜ್ ಸೆಟ್ಟಿಂಗಿನಲ್ಲಿ ಆ ಟಿಕ್ ತೆಗೆಯಿರಿ. ಸ್ವಲ್ಪ ನಿಧಾನ ಆಗ್ತದೆ, ಆಗಲಿ. ಯುಪಿಎಸ್ ಕೂಗಿದ ಕೂಡಲೇ ಯಂತ್ರವನ್ನು 'ಸೇವ್ ಸ್ಟೇಟ್' ಮಾಡಿ. 512 ಎಂಬಿ ಎಸ್‌ಎಸ್‌ಡಿಗೆ ಬರೆಯಲು ಕೆಲವೇ ಸೆಕೆಂಡು ಸಾಕು.

ನೇತ್ರಾವತಿ64:
ಸ್ನ್ಯಾಪ್‌ಶಾಟನ್ನು (ಯಂತ್ರದ ಆ ಕ್ಷಣದ ಸ್ಥಿತಿ ಉಳಿಸುವುದು) ಬ್ಯಾಕಪ್ ಅಂತ ತಿಳಿಯಬೇಡಿ. ಅದಾದ ಮೇಲಿನ ಬದಲಾವಣೆಯೆಲ್ಲ ಬೇರೆ ಫೈಲಿಗೆ ಹೋಗ್ತದೆ, ಮೂಲ ವಿಡಿಐ (ವರ್ಚುವಲ್ ಡಿಸ್ಕಿನ ಫೈಲು) ಮಾತ್ರ ನಕಲು ಮಾಡಿದರೆ ಹಳೆಯ ಸ್ಥಿತಿಯೇ ಸಿಗುವುದು. ಯಂತ್ರ ಪೂರ್ತಿ ಬಂದ್ ಮಾಡಿ ಓವಿಎ (ಇಡೀ ಯಂತ್ರದ ಒಂದೇ ಫೈಲು) ಆಗಿ ಎಕ್ಸ್‌ಪೋರ್ಟ್ ಮಾಡಿ. ಪೆನ್‌ಡ್ರೈವ್ ಫ್ಯಾಟ್32 ಆದರೆ 4 ಜಿಬಿಗಿಂತ ದೊಡ್ಡ ಫೈಲು ಹಿಡಿಯುವುದಿಲ್ಲ, ಎಕ್ಸ್‌ಫ್ಯಾಟ್ ಮಾಡಿಕೊಳ್ಳಿ.

ಅಚ್ಚುಮೊಳೆ (ಉಡುಪಿ):
ಎಕ್ಸ್‌ಪಿ ಬೂಟ್ ಆಯ್ತು, ಪೋಸ್ಟ್‌ಸ್ಕ್ರಿಪ್ಟ್ ದಾರಿಯೂ ಸರಿ ಉಂಟು. ಆದರೆ ಯುಎಸ್‌ಬಿ ಪಟ್ಟಿ ಖಾಲಿ, ಬೀಗ ಕಾಣುವುದೇ ಇಲ್ಲ. ವಿಬಾಕ್ಸ್‌ಯೂಸರ್ಸ್ (ವರ್ಚುವಲ್‌ಬಾಕ್ಸ್‌ನಲ್ಲಿ ಯುಎಸ್‌ಬಿ ಬಳಸಲು ಅನುಮತಿ ಇರುವ) ಗುಂಪಿಗೆ ಬಳಕೆದಾರನನ್ನು ಸೇರಿಸಿಯೂ ಆಯ್ತು.

ಬಲ್ಮಠ_ಬಿಟ್ಸ್:
ಸೇರಿಸಿದ ಮೇಲೆ ಲಾಗೌಟ್ ಮಾಡಿದ್ದೀರಾ? ಟರ್ಮಿನಲ್ ಮುಚ್ಚಿ ತೆರೆದರೆ ಸಾಲದು, ಪೂರ್ತಿ ಲಾಗೌಟ್ ಆಗಿ ಬನ್ನಿ.

ಅಚ್ಚುಮೊಳೆ (ಉಡುಪಿ):
ಕಂಡಿತು.